ಗೋಲು ಬಿಟ್ಟ ಮರುದಿನ

(ಶಾಲಾ ಶತಮಾನೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ಶಾಲೆಯಲ್ಲಿ ಹತ್ತು ವರ್ಷ ವಿದ್ಯಾರ್ಥಿಯಾಗಿದ್ದವನು ನಾನು. ಮುಂದೆ ಮೂವತ್ತೊಂದು ವರ್ಷ ಇಲ್ಲಿಯೇ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ನೂರು ವರ್ಷಗಳ ಇತಿಹಾಸವನ್ನು ನಿನ್ನೆ ವಿದ್ವಾಂಸರು ಸೊಗಸಾಗಿ ನಿರೂಪಿಸಿದ್ದಾರೆ. ಕ್ರೀಡೆಯ ಕುರಿತು ನಾಲ್ಕು ಮಾತನಾಡಬೇಕೆಂದು ಸಮಿತಿಯವರು ನನ್ನನ್ನು ಕೇಳಿದಾಗ, ಗೆದ್ದ ಪಾರಿತೋಷಕಗಳ ಪಟ್ಟಿಯನ್ನು ಓದುವುದು ಸುಲಭವಾಗಿತ್ತು. ಅವು ಕಚೇರಿಯ ಕಪಾಟಿನಲ್ಲಿವೆ, ಆಸಕ್ತರು ನೋಡಬಹುದು. ನಾನು ಇಂದು ಮಾತನಾಡಬೇಕೆಂದಿರುವುದು ಕಪಾಟಿನಲ್ಲಿಲ್ಲದ ಒಂದು ಸಂಗತಿಯ ಬಗ್ಗೆ. ಅದನ್ನು ಒಬ್ಬ ಕಾಲ್ಚೆಂಡಾಟಗಾರನ ಜೀವನದ ಮೂಲಕ ಹೇಳುತ್ತೇನೆ. ಆತ ಗೋಲ್‌ಕೀಪರ್, ನಮ್ಮೂರಿನ ಮಾತಿನಲ್ಲಿ ‘ಗೋಲಿ’. ಹೆಸರು ಲೆವ್ ಯಾಶಿನ್.

ಮೊದಲು ನನ್ನದೇ ಒಂದು ಸಣ್ಣ ಕಥೆಗೆ ಅನುಮತಿ ಕೊಡಿ. ಹತ್ತನೆಯ ತರಗತಿಯಲ್ಲಿದ್ದಾಗ ನಾನು ಶಾಲಾ ತಂಡದ ಗೋಲಿ. ಉಪಜಿಲ್ಲಾ ಮಟ್ಟದ ಅಂತಿಮ ಪಂದ್ಯ. ಮಳೆ ನಿಂತು ಮೈದಾನವಿನ್ನೂ ಒಣಗಿರಲಿಲ್ಲ. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ, ನೆಲಕ್ಕಂಟಿ ಮೆಲ್ಲಗೆ ಉರುಳಿಬಂದ ಚೆಂಡೊಂದು ನನ್ನ ಕೈಗಳ ನಡುವೆ, ಕಾಲುಗಳ ನಡುವೆ ನುಸುಳಿ ಗೋಲಾಯಿತು. ಒಂದನೆಯ ತರಗತಿಯ ಮಗುವೂ ಹಿಡಿಯಬಹುದಾಗಿದ್ದ ಚೆಂಡು. ನಾವು ಸೋತೆವು. ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಶಾಲೆಯ ಮುಂದೆ ಇಳಿದಾಗ ನಮ್ಮ ಡ್ರಿಲ್ ಮಾಸ್ತರರು ಹತ್ತಿರ ಬಂದರು. ಬೈಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. “ನಾಳೆ ಬೆಳಿಗ್ಗೆ ಏಳು ಗಂಟೆಗೆ ಬಾ. ಚೆಂಡು ನಾನು ತರ್ತೇನೆ,” ಎಂದಷ್ಟೇ ಹೇಳಿ ಹೋದರು.

ಮರುದಿನ ಏಳು ಗಂಟೆಗೆ ಅವರು ನನ್ನನ್ನು ಗೋಲುಕಂಬಗಳ ನಡುವೆ ನಿಲ್ಲಿಸಿ, ಅದೇ ತೆರನ ಚೆಂಡನ್ನು, ನೆಲದ ಮೇಲೆ ಮೆಲ್ಲಗೆ, ಮತ್ತೆ ಮತ್ತೆ ಉರುಳಿಸಿದರು. ನೂರಕ್ಕಿಂತ ಹೆಚ್ಚು ಸಲ ಇರಬಹುದು. ಎಂಟೂವರೆಗೆ ಗಂಟೆ ಬಾರಿಸುವ ಹೊತ್ತಿಗೆ ನನ್ನ ಕೈಗಳಿಗೆ ಆ ಚೆಂಡಿನ ಭಯ ಬಿಟ್ಟುಹೋಗಿತ್ತು. ಆ ಬೆಳಗಿನ ಬೆಲೆ ಏನೆಂಬುದು ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದವು.

ಯಾಶಿನ್ ನನಗೆ ಪರಿಚಯವಾದದ್ದು ಅದೇ ವರ್ಷ, ಗಣಿತ ಪುಸ್ತಕದ ಹೊದಿಕೆಯಲ್ಲಿ. ನನ್ನ ಪ್ರಾಯದವರಿಗೆ ನೆನಪಿರಬಹುದು: ಆಗ ಸೋವಿಯತ್ ದೇಶದ ಸಚಿತ್ರ ಪತ್ರಿಕೆಗಳು ಅಗ್ಗವಾಗಿ ಸಿಗುತ್ತಿದ್ದವು, ಅವುಗಳ ನುಣುಪಾದ ದಪ್ಪ ಹಾಳೆ ಪುಸ್ತಕಗಳಿಗೆ ಹೊದಿಕೆ ಹಾಕಲು ಹೇಳಿಮಾಡಿಸಿದಂತಿತ್ತು. ನನ್ನ ಗಣಿತ ಪುಸ್ತಕದ ಮೇಲೆ ಕಪ್ಪು ಉಡುಪಿನ, ತಲೆಗೆ ಟೊಪ್ಪಿಯಿಟ್ಟ, ನೀಳ ತೋಳುಗಳ ಒಬ್ಬ ಮನುಷ್ಯ ಗಾಳಿಯಲ್ಲಿ ಅಡ್ಡಲಾಗಿ ಚಾಚಿಕೊಂಡಿದ್ದ. ಜಗತ್ತು ಅವನನ್ನು ‘ಕಪ್ಪು ಜೇಡ’ ಎಂದು ಕರೆಯುತ್ತಿತ್ತೆಂಬುದು ನನಗೆ ಆಗ ತಿಳಿದಿರಲಿಲ್ಲ. ಈತ ಎಂದೂ ಗೋಲು ಬಿಟ್ಟಿರಲಾರ ಎಂದು ಮಾತ್ರ ಅನ್ನಿಸಿತ್ತು. ನನ್ನ ಆ ತಿಳಿವಳಿಕೆ ಎಷ್ಟು ತಪ್ಪಾಗಿತ್ತೆಂಬುದೇ ಇಂದಿನ ನನ್ನ ವಿಷಯ.

ಯಾಶಿನ್ ಹುಟ್ಟಿದ್ದು 1929ರ ಅಕ್ಟೋಬರ್ 22ರಂದು, ಮಾಸ್ಕೋದ ಕಾರ್ಮಿಕ ಕುಟುಂಬದಲ್ಲಿ. ಎರಡನೆಯ ಮಹಾಯುದ್ಧ ಅವರ ಬಾಲ್ಯವನ್ನು ಕಸಿದುಕೊಂಡಿತು. ತಂದೆ ದುಡಿಯುತ್ತಿದ್ದ ಕಾರ್ಖಾನೆಯನ್ನು ಉಲ್ಯಾನೊವ್‌ಸ್ಕ್ ಎಂಬ ದೂರದ ಊರಿಗೆ ಸಾಗಿಸಿದಾಗ ಕುಟುಂಬವೂ ಅಲ್ಲಿಗೆ ಹೋಯಿತು. ಗಂಡಾಳುಗಳು ರಣರಂಗಕ್ಕೆ ಹೋಗಿದ್ದರಿಂದ ಯಂತ್ರಗಳ ಮುಂದೆ ಮಕ್ಕಳು ನಿಂತರು. ಇನ್ನೂ ಎಂಟನೆಯ ತರಗತಿಯ ಪ್ರಾಯದ ಲೆವ್ ಯುದ್ಧಸಾಮಗ್ರಿ ತಯಾರಿಯ ಕಾರ್ಮಿಕನಾದ. ಹದಿನೆಂಟನೆಯ ವಯಸ್ಸಿಗೆ ದೇಹವೂ ಮನಸ್ಸೂ ಬಳಲಿ, ಒಂದು ದಿನ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟ. ಅಂದಿನ ಸೋವಿಯತ್ ಕಾನೂನಿನಲ್ಲಿ ಅದು ಅಪರಾಧ. ಪರಿಚಯಸ್ಥರ ಸಲಹೆಯಂತೆ ಸೈನ್ಯಕ್ಕೆ ಸೇರಿದ. ಅಲ್ಲಿ ಸೈನಿಕರ ಕಾಲ್ಚೆಂಡಾಟದಲ್ಲಿ ಗೋಲು ಕಾಯುತ್ತಿದ್ದ ಈ ಎತ್ತರದ ಹುಡುಗನನ್ನು ಡೈನಮೋ ಮಾಸ್ಕೋ ಕ್ಲಬ್ಬಿನ ತರಬೇತುದಾರ ಅರ್ಕಾದಿ ಚೆರ್ನಿಶೋವ್ ನೋಡಿ, ಕಿರಿಯರ ತಂಡಕ್ಕೆ ಕರೆತಂದರು.

ಇಲ್ಲಿಂದ ಮುಂದೆ ಯಶಸ್ಸಿನ ಮೆಟ್ಟಿಲುಗಳೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ. ಡೈನಮೋ ತಂಡದ ಮೊದಲ ಗೋಲಿ ಆಗ ಅಲೆಕ್ಸೇಯ್ ಖೋಮಿಚ್. 1945ರ ಬ್ರಿಟನ್ ಪ್ರವಾಸದಲ್ಲಿ ‘ಹುಲಿ’ ಎಂಬ ಬಿರುದು ಪಡೆದ ಪ್ರಸಿದ್ಧ ಆಟಗಾರ. ಯಾಶಿನ್ ಅವರ ಬದಲಿ. ಹಿರಿಯರ ತಂಡದೊಂದಿಗೆ ಆಡಿದ ಆರಂಭದ ಒಂದು ಸ್ನೇಹಪಂದ್ಯದಲ್ಲಿ, ಎದುರಾಳಿ ತಂಡದ ಗೋಲಿ ತನ್ನ ತುದಿಯಿಂದ ಒದ್ದ ಚೆಂಡು ಇಡೀ ಮೈದಾನವನ್ನು ದಾಟಿ ಬಂತು. ಅದನ್ನು ಹಿಡಿಯಲು ಓಡಿದ ಯಾಶಿನ್ ತನ್ನದೇ ತಂಡದ ಆಟಗಾರನಿಗೆ ಡಿಕ್ಕಿ ಹೊಡೆದರು. ಚೆಂಡು ಗೋಲಿನೊಳಗೆ ಹೋಯಿತು. ಗೋಲಿಯೊಬ್ಬ ಇನ್ನೊಬ್ಬ ಗೋಲಿಗೆ ಗೋಲು ಹೊಡೆದ ಈ ಪ್ರಸಂಗವನ್ನು ಕಂಡು ಹಿರಿಯ ಆಟಗಾರರು ಹೊಟ್ಟೆ ಹಿಡಿದು ನಕ್ಕರು.

1950ರಲ್ಲಿ ಖೋಮಿಚ್ ಗಾಯಗೊಂಡಾಗ, ಸ್ಪಾರ್ಟಕ್ ತಂಡದ ವಿರುದ್ಧದ ಪಂದ್ಯದ ಕೊನೆಯ ಭಾಗದಲ್ಲಿ ಯಾಶಿನ್ ಮೈದಾನಕ್ಕಿಳಿದರು. ಡೈನಮೋ ಒಂದು ಗೋಲಿನ ಮುನ್ನಡೆಯಲ್ಲಿತ್ತು. ಮತ್ತೆ ಅದೇ ಕಥೆ: ಚೆಂಡಿಗಾಗಿ ಹೊರಗೆ ಧಾವಿಸಿ, ತನ್ನದೇ ರಕ್ಷಣಾ ಆಟಗಾರನಿಗೆ ಢಿಕ್ಕಿಯಾಗಿ ಗೋಲು ಬಿಟ್ಟರು, ಪಂದ್ಯ ಸಮವಾಯಿತು. ಕೆಲವೇ ದಿನಗಳಲ್ಲಿ ಟಿಬಿಲಿಸಿಯಲ್ಲಿ ದೊಡ್ಡ ಮುನ್ನಡೆಯಲ್ಲಿದ್ದ ತಂಡ, ಯಾಶಿನ್ ಒಂದರ ಮೇಲೊಂದು ಗೋಲು ಬಿಟ್ಟ ಕಾರಣ, 5–4ರಿಂದ ಹೇಗೋ ಪಾರಾಯಿತು. ಆಮೇಲೆ ಸುಮಾರು ಮೂರು ವರ್ಷ ಅವರಿಗೆ ಮೊದಲ ತಂಡದಲ್ಲಿ ಸ್ಥಾನವಿರಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಹೀಗೆ ಎಡವಿದ ಹುಡುಗನನ್ನು ಡೈನಮೋ ಮನೆಗೆ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕ್ಲಬ್ಬು ಕಳುಹಿಸಲಿಲ್ಲ. ಮೀಸಲು ತಂಡದಲ್ಲಿ ಆಡಲು ಬಿಟ್ಟಿತು. ಚಳಿಗಾಲದಲ್ಲಿ ಚೆರ್ನಿಶೋವ್ ಅವರದೇ ಮಂಜುಗಡ್ಡೆಯ ಹಾಕಿ ತಂಡದಲ್ಲಿ ಗೋಲು ಕಾಯಲು ನಿಲ್ಲಿಸಿತು. ಅಂಗೈಯಗಲದ ಗಟ್ಟಿ ರಬ್ಬರಿನ ಬಿಲ್ಲೆ ಕಣ್ಣಿಗೆ ಕಾಣದ ವೇಗದಲ್ಲಿ ಬರುವ ಆಟವದು. ಅದನ್ನು ಹಿಡಿದು ಪಳಗಿದವನಿಗೆ ಕಾಲ್ಚೆಂಡು ದೊಡ್ಡದಾಗಿಯೇ ಕಾಣಿಸಿರಬೇಕು. 1953ರಲ್ಲಿ ಡೈನಮೋ ಹಾಕಿ ತಂಡ ಸೋವಿಯತ್ ಕಪ್ ಗೆದ್ದಾಗ ಗೋಲಿಯಾಗಿದ್ದವರು ಯಾಶಿನ್. ಅದೇ ವರ್ಷ ಕಾಲ್ಚೆಂಡಿನ ಮೊದಲ ತಂಡಕ್ಕೆ ಅವರು ಮರಳಿದರು, ಹಾಕಿಯನ್ನು ಬಿಟ್ಟರು. 1954ರ ಸೆಪ್ಟೆಂಬರಿನಲ್ಲಿ ಸ್ವೀಡನ್ ವಿರುದ್ಧ ರಾಷ್ಟ್ರೀಯ ತಂಡದ ಪರವಾಗಿ ಮೊದಲ ಪಂದ್ಯ. ಸೋವಿಯತ್ ತಂಡ 7–0ಯಿಂದ ಗೆದ್ದಿತು.

ಗೋಲಿಯ ಕೆಲಸದ ಸ್ವರೂಪವನ್ನು ಆಟ ಬಲ್ಲದವರಿಗಾಗಿ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಈ ಬಾಗಿಲನ್ನು ಒಬ್ಬನೇ ಕಾಯಬೇಕು. ಮುನ್ಪಡೆಯ ಆಟಗಾರ ಹತ್ತು ಅವಕಾಶಗಳಲ್ಲಿ ಒಂಬತ್ತನ್ನು ಹಾಳುಮಾಡಿ ಒಂದು ಗೋಲು ಹೊಡೆದರೆ ವೀರನಾಗುತ್ತಾನೆ. ಗೋಲಿ ಒಂಬತ್ತನ್ನು ತಡೆದು ಒಂದನ್ನು ಬಿಟ್ಟರೆ ಜನರಿಗೆ ನೆನಪುಳಿಯುವುದು ಆ ಒಂದೇ. ಉಳಿದವರ ತಪ್ಪನ್ನು ತಿದ್ದಲು ಹಿಂದೆ ಇನ್ನೊಬ್ಬನಿದ್ದಾನೆ. ಗೋಲಿಯ ಹಿಂದೆ ಇರುವುದು ಬಲೆ ಮಾತ್ರ.

ಯಾಶಿನ್ ಈ ಕೆಲಸವನ್ನು ಬದಲಾಯಿಸಿದರು. ಅವರ ಕಾಲಕ್ಕೆ ಹೆಚ್ಚಿನ ಗೋಲಿಗಳು ಕಂಬಗಳ ನಡುವೆ ನಿಂತು ಬಂದದ್ದನ್ನು ಹಿಡಿಯುತ್ತಿದ್ದರು. ಯಾಶಿನ್ ಮುಂದೆ ಬಂದು, ಅಪಾಯ ಹುಟ್ಟುವ ಸ್ಥಳದಲ್ಲೇ ಚೆಂಡನ್ನು ಎದುರಿಸಿದರು. ಹಿಡಿಯಲಾಗದ ಎತ್ತರದ ಚೆಂಡನ್ನು ಮುಷ್ಟಿಯಿಂದ ಗುದ್ದಿ ದೂರ ಕಳುಹಿಸಿದರು. ಹಿಡಿದ ಚೆಂಡನ್ನು ಕಣ್ಣುಮುಚ್ಚಿ ಒದೆಯುವ ಬದಲು, ಬಿಡುವಾಗಿರುವ ಜೊತೆಗಾರನಿಗೆ ಕೈಯಿಂದ ಎಸೆದು ತನ್ನವರ ದಾಳಿಯನ್ನು ಆರಂಭಿಸಿದರು. ಇಡೀ ಮೈದಾನ ಕಾಣುವುದು ತನಗೊಬ್ಬನಿಗೇ ಎಂಬುದನ್ನರಿತು, ತೊಂಬತ್ತು ನಿಮಿಷವೂ ರಕ್ಷಣಾ ಆಟಗಾರರಿಗೆ ಕೂಗಿ ಕೂಗಿ ದಾರಿ ತೋರಿಸಿದರು. ಗಮನಿಸಿ: ಹೊರಗೆ ಧಾವಿಸಿ ಢಿಕ್ಕಿ ಹೊಡೆದು ಗೋಲು ಬಿಟ್ಟದ್ದಕ್ಕಾಗಿ ಯಾವ ಹುಡುಗ ನಗೆಪಾಟಲಾದನೋ, ಅದೇ ಹುಡುಗ ಹೊರಗೆ ಧಾವಿಸುವುದನ್ನು ಬಿಡಲಿಲ್ಲ, ಕಲಿತುಕೊಂಡ. ಅವನ ದೋಷವೆಂದು ಕಂಡದ್ದೇ ಪಕ್ವವಾಗಿ ಅವನ ಗುಣವಾಯಿತು. ಶಿಕ್ಷಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತಿದು.

1956ನೆಯ ಇಸವಿಯನ್ನು ನಮ್ಮ ಜಿಲ್ಲೆಯ ಕನ್ನಡಿಗರು ಮರೆಯುವಂತಿಲ್ಲ. ಆ ವರ್ಷದ ನವೆಂಬರ್ 1ರಂದು, ಅದುವರೆಗೆ ದಕ್ಷಿಣ ಕನ್ನಡದೊಳಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಊರಿನ ಹಿರಿಯರು ಮುಂದೇನೆಂದು ಚಿಂತಿಸುತ್ತಿದ್ದ ಅದೇ ತಿಂಗಳಲ್ಲಿ, ದೂರದ ಮೆಲ್ಬರ್ನಿನಲ್ಲಿ ಒಲಿಂಪಿಕ್ ಕ್ರೀಡಾಕೂಟ ಆರಂಭವಾಯಿತು. ಭಾರತದ ಕಾಲ್ಚೆಂಡು ತಂಡ ಅಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ನಮ್ಮ ದೇಶದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. ಆ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯನವರಿದ್ದರು. ಗೋಲು ಕಾಯಲು ಪೀಟರ್ ತಂಗರಾಜ್ ಮತ್ತು ಒಟ್ಟಪಾಲಂ ಮೂಲದ ಎಸ್.ಎಸ್. ನಾರಾಯಣನ್ ಇದ್ದರು, ತರಬೇತುದಾರರಾದ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಭಾರತವನ್ನು ಉಪಾಂತ್ಯದಲ್ಲಿ ಸೋಲಿಸಿದ ಯುಗೊಸ್ಲಾವಿಯವನ್ನು ಅಂತಿಮ ಪಂದ್ಯದಲ್ಲಿ 1–0ಯಿಂದ ಸೋಲಿಸಿ ಚಿನ್ನ ಗೆದ್ದ ಸೋವಿಯತ್ ತಂಡದ ಗೋಲಿ ಯಾಶಿನ್. 1960ರಲ್ಲಿ ಪ್ಯಾರಿಸಿನಲ್ಲಿ ಅದೇ ಯುಗೊಸ್ಲಾವಿಯವನ್ನು 2–1ರಿಂದ ಮಣಿಸಿ ಸೋವಿಯತ್ ತಂಡ ಮೊದಲ ಯುರೋಪಿಯನ್ ಕಪ್ಪನ್ನೂ ಎತ್ತಿತು.

ಇಷ್ಟರಲ್ಲಿ ಯಾಶಿನ್ ತನ್ನ ದೇಶದಲ್ಲಿ ದಂತಕಥೆಯಾಗಿದ್ದರು. ಆಗ ಬಂತು 1962.

ಚಿಲಿ ದೇಶದ ಅರಿಕಾ ಪಟ್ಟಣದಲ್ಲಿ ವಿಶ್ವಕಪ್ ಪಂದ್ಯ. ಕೊಲಂಬಿಯದ ವಿರುದ್ಧ ಸೋವಿಯತ್ ತಂಡ 4–1ರ ಮುನ್ನಡೆಯಲ್ಲಿತ್ತು. ಮಾರ್ಕೋಸ್ ಕೋಲ್ ಎಂಬ ಆಟಗಾರ ಒದ್ದ ಕಾರ್ನರ್ ಕಿಕ್ ಯಾರ ಕಾಲಿಗೂ ತಲೆಗೂ ತಾಗದೆ ನೇರವಾಗಿ ಗೋಲಿನೊಳಗೆ ಹೋಯಿತು. ಪುರುಷರ ವಿಶ್ವಕಪ್ಪಿನ ಇತಿಹಾಸದಲ್ಲಿ ಕಾರ್ನರಿನಿಂದ ನೇರವಾಗಿ ಬಂದ ಗೋಲು ಅದೊಂದೇ. ಅದನ್ನು ಬಿಟ್ಟವರು ಜಗತ್ತಿನ ಶ್ರೇಷ್ಠ ಗೋಲಿ. ಪಂದ್ಯ 4–4ರಲ್ಲಿ ಮುಗಿಯಿತು. ಆ ಬಳಿಕ ಕ್ವಾರ್ಟರ್ ಫೈನಲಿನಲ್ಲಿ ಆತಿಥೇಯ ಚಿಲಿ ತಂಡ ದೂರದಿಂದ ಹೊಡೆದ ಎರಡು ಗೋಲುಗಳಿಂದ 2–1ರ ಗೆಲುವು ಪಡೆಯಿತು. ಸೋವಿಯತ್ ಜನ ಈ ಪಂದ್ಯಗಳನ್ನು ದೂರದರ್ಶನದಲ್ಲಿ ಕಂಡವರಲ್ಲ. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ವರದಿ ಓದಿ, ಸೋಲಿಗೆ ಯಾಶಿನ್ನರೇ ಕಾರಣರೆಂದು ತೀರ್ಮಾನಿಸಿದರು. ಮಾಸ್ಕೋದ ಕ್ರೀಡಾಂಗಣದಲ್ಲಿ ಅವರ ಹೆಸರು ಕೂಗಿದರೆ ಸಾಕು, ಜನ ಸೀಟಿ ಹೊಡೆದು ಅವಮಾನಿಸಿದರು. ಬೈಗುಳದ ಪತ್ರಗಳು ಬಂದವು. ಮನೆಯ ಕಿಟಕಿಯ ಗಾಜುಗಳು ಒಡೆದವು. ಮೂವತ್ತೆರಡು ವರ್ಷದ ಯಾಶಿನ್ ಆಟವನ್ನೇ ಬಿಡಲು ಯೋಚಿಸಿದರು.

ಕ್ಲಬ್ಬು ಅವರನ್ನು ಒತ್ತಾಯಿಸಲಿಲ್ಲ; ಕೈಬಿಡಲೂ ಇಲ್ಲ. ಸ್ವಲ್ಪ ಕಾಲ ಆಟದಿಂದ ದೂರವಿರಲು ಬಿಟ್ಟಿತು. ಮೀನು ಹಿಡಿಯುವುದು ಅವರಿಗೆ ಬಹು ಪ್ರಿಯವಾದ ಹವ್ಯಾಸ. ಗಾಳ ಹಿಡಿದು ನೀರಿನ ಬದಿಯಲ್ಲಿ ಕುಳಿತರು. ಮನಸ್ಸು ತಿಳಿಯಾದಾಗ ಮರಳಿ ಬಂದರು. ಮುಂದಿನ ವರ್ಷ, 1963ರಲ್ಲಿ, ಡೈನಮೋ ರಾಷ್ಟ್ರೀಯ ಲೀಗನ್ನು ಗೆದ್ದಿತು. ಆ ಲೀಗಿನ 27 ಪಂದ್ಯಗಳಲ್ಲಿ ಯಾಶಿನ್ ಬಿಟ್ಟ ಗೋಲುಗಳು ಕೇವಲ 6.

ನೂರು ವರ್ಷದ ಸಂಭ್ರಮದಲ್ಲಿರುವ ನಮಗೆ ಮುಂದಿನ ಘಟನೆ ವಿಶೇಷವಾಗಿ ಹಿಡಿಸೀತು. 1863ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್ ತನ್ನ ಶತಮಾನೋತ್ಸವವನ್ನು 1963ರ ಅಕ್ಟೋಬರ್ 23ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಆಚರಿಸಿತು. ಇಂಗ್ಲೆಂಡಿನ ಎದುರಾಳಿ, ಉಳಿದ ಇಡೀ ಜಗತ್ತಿನಿಂದ ಆರಿಸಿದ ತಂಡ. ಆ ತಂಡದ ಗೋಲಿಯಾಗಿ ಕರೆ ಬಂದದ್ದು, ಒಂದು ವರ್ಷದ ಹಿಂದೆ ತನ್ನ ಊರಿನಲ್ಲೇ ಸೀಟಿ ಹೊಡೆಸಿಕೊಂಡ ಯಾಶಿನ್ನರಿಗೆ. ಮೊದಲಾರ್ಧವಿಡೀ ಅವರು ಗೋಲು ಕಾದರು. ಒಂದೂ ಗೋಲು ಬಿಡಲಿಲ್ಲ. ಬದಲಿ ಗೋಲಿ ಬಂದ ಮೇಲೆ ಇಂಗ್ಲೆಂಡ್ 2–1ರಿಂದ ಗೆದ್ದಿತು. ಮುಂದಿನ ತಿಂಗಳು ರೋಮ್‌ನಲ್ಲಿ ಇಟಲಿಯ ಮಜ್ಜೋಲಾ ಹೊಡೆದ ಪೆನಾಲ್ಟಿಯನ್ನು ತಡೆದರು. ಆ ವರ್ಷದ ಕೊನೆಯಲ್ಲಿ, ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ‘ಬ್ಯಾಲನ್ ಡಿ’ಓರ್’ ಪ್ರಶಸ್ತಿ ಅವರ ಪಾಲಾಯಿತು. 1956ರಿಂದ ಕೊಡುತ್ತಾ ಬಂದಿರುವ ಆ ಪ್ರಶಸ್ತಿಯನ್ನು ಪಡೆದ ಗೋಲಿ ಅವರೊಬ್ಬರೇ.

ಇದಕ್ಕೆ ಎದುರಾಗಿ ಇನ್ನೊಬ್ಬ ಗೋಲಿಯ ಬದುಕನ್ನು ಇಡುತ್ತೇನೆ. ಬ್ರೆಜಿಲಿನ ಮೊಆಸಿರ್ ಬಾರ್ಬೋಸಾ ತನ್ನ ಕಾಲದ ಅತ್ಯುತ್ತಮ ಗೋಲಿಗಳಲ್ಲಿ ಒಬ್ಬರು. 1950ರ ಜುಲೈ 16ರಂದು ರಿಯೋ ನಗರದ ಮರಕನಾ ಕ್ರೀಡಾಂಗಣದಲ್ಲಿ ಸುಮಾರು ಎರಡು ಲಕ್ಷ ಜನರೆದುರು ಬ್ರೆಜಿಲ್, ಉರುಗ್ವೆಯನ್ನು ಎದುರಿಸಿತು. ಪಂದ್ಯ ಸಮವಾದರೂ ವಿಶ್ವಕಪ್ ಬ್ರೆಜಿಲಿನದಾಗುತ್ತಿತ್ತು. ಉರುಗ್ವೆಯ ಘಿಗ್ಗಿಯಾ ಬಲಬದಿಯಿಂದ ನುಗ್ಗಿಬಂದ. ಸ್ವಲ್ಪ ಹೊತ್ತಿನ ಮೊದಲು ಅವನು ಹಾಗೆಯೇ ಬಂದು ನಡುವಿಗೆ ಕೊಟ್ಟ ಚೆಂಡಿನಿಂದಲೇ ಒಂದು ಗೋಲಾಗಿತ್ತು. ಈ ಸಲವೂ ನಡುವಿಗೆ ಕೊಡುತ್ತಾನೆಂದು ಬಾರ್ಬೋಸಾ ಒಂದು ಹೆಜ್ಜೆ ಸರಿದರು. ಬಿಟ್ಟ ಸಂದಿಯಲ್ಲಿ ಚೆಂಡು ಒಳಗೆ ಹೋಯಿತು. ಅವರ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಫಲ ಮಾತ್ರ ತಪ್ಪಿತು. ಬ್ರೆಜಿಲ್ 2–1ರಿಂದ ಸೋತಿತು. ದೂಷಣೆಯ ಹೊರೆ ಮುಖ್ಯವಾಗಿ ತಂಡದ ಮೂವರು ಕಪ್ಪುವರ್ಣೀಯ ಆಟಗಾರರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಬಾರ್ಬೋಸಾರ ಮೇಲೆ ಬಿತ್ತು. ಅವರು ಕ್ಲಬ್ಬಿಗಾಗಿ ಇನ್ನೂ ಅನೇಕ ವರ್ಷ ಆಡಿದರು, ಗೆದ್ದರು. ಆದರೂ ದೇಶ ಕ್ಷಮಿಸಲಿಲ್ಲ. ಬ್ರೆಜಿಲಿನಲ್ಲಿ ಆಗ ಅತಿ ದೊಡ್ಡ ಅಪರಾಧಕ್ಕೂ ಮೂವತ್ತು ವರ್ಷದ ಶಿಕ್ಷೆಯಿತ್ತು. ತನಗೆ ಮಾತ್ರ ಐವತ್ತಾದರೂ ಮುಗಿದಿಲ್ಲವೆಂದು ಇಳಿವಯಸ್ಸಿನಲ್ಲಿ ಅವರು ನೊಂದು ಹೇಳಿದರು. 2000ನೆಯ ಇಸವಿಯ ಏಪ್ರಿಲಿನಲ್ಲಿ ತೀರಿಕೊಂಡರು.

ಬಂಧುಗಳೇ, ಈ ಇಬ್ಬರ ನಡುವಿನ ವ್ಯತ್ಯಾಸ ಪ್ರತಿಭೆಯದಲ್ಲ, ಪರಿಶ್ರಮದ್ದೂ ಅಲ್ಲ. ಇಬ್ಬರೂ ಗೋಲು ಬಿಟ್ಟರು. ಒಬ್ಬರಿಗೆ ಮರುದಿನವೊಂದು ಸಿಕ್ಕಿತು. ಇನ್ನೊಬ್ಬರಿಗೆ ಅವರ ದೇಶ ಆ ಮರುದಿನವನ್ನೇ ಕೊಡಲಿಲ್ಲ.

ಯಾಶಿನ್ ಮುಂದೆಯೂ ಸೋತರು. 1964ರ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ಪೇನಿನೆದುರು, 1966ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಪಶ್ಚಿಮ ಜರ್ಮನಿಯೆದುರು. ಆದರೂ 1966ರ ನಾಲ್ಕನೆಯ ಸ್ಥಾನ ವಿಶ್ವಕಪ್ಪಿನಲ್ಲಿ ಸೋವಿಯತ್ ತಂಡದ ಅತ್ಯುತ್ತಮ ಸಾಧನೆಯಾಗಿ ಉಳಿಯಿತು. ಬಿಟ್ಟ ಗೋಲು ತನ್ನನ್ನು ಕಾಡದಿದ್ದರೆ ಆ ಗೋಲಿಗೆ ಮುಂದೆ ಬೆಳವಣಿಗೆಯಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. ಅಂದರೆ ಮರುದಿನ ಕೊಡುವುದೆಂದರೆ ತಪ್ಪನ್ನು ಮರೆಸುವುದಲ್ಲ. ಕಾಡುವ ತಪ್ಪಿನೊಂದಿಗೆ ಮತ್ತೆ ಕಂಬಗಳ ನಡುವೆ ನಿಲ್ಲಲು ಜಾಗ ಕೊಡುವುದು. ಸೋವಿಯತ್ ವ್ಯವಸ್ಥೆಯಲ್ಲಿ ಆಟಗಾರರು ಹೆಸರಿಗೆ ಹವ್ಯಾಸಿಗಳು. ಆದರೆ ಆಟವೇ ಅವರ ವೃತ್ತಿ. ಆ ವೃತ್ತಿಯನ್ನು ಯಾಶಿನ್ ಇಪ್ಪತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ನಡೆಸಿದರು. ಲೀಗಿನ 326 ಪಂದ್ಯಗಳಲ್ಲಿ ಆಡಿದರು. ಐದು ಸಲ ಲೀಗನ್ನೂ ಮೂರು ಸಲ ಸೋವಿಯತ್ ಕಪ್ಪನ್ನೂ ಗೆದ್ದ ತಂಡಗಳಲ್ಲಿದ್ದರು.

1971ರ ಮೇ 27ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ವಿದಾಯದ ಪಂದ್ಯ. ಬಾಬಿ ಚಾರ್ಲ್‌ಟನ್, ಗರ್ಡ್ ಮುಲ್ಲರ್ ಮೊದಲಾದ ಜಗತ್ಪ್ರಸಿದ್ಧರು ಬಂದಿದ್ದರು. ಒಂದು ಲಕ್ಷಕ್ಕೂ ಮಿಕ್ಕಿದ ಜನ. ಹಿಂದೊಮ್ಮೆ ಸೀಟಿ ಹೊಡೆದಿದ್ದ ಅದೇ ಮಾಸ್ಕೋದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಂದ್ಯದ ನಡುವೆ ಯಾಶಿನ್ ತನ್ನ ಕೈಗವಸುಗಳನ್ನು ಕಳಚಿ, ಕಿರಿಯ ಗೋಲಿ ವ್ಲಾದಿಮಿರ್ ಪಿಲ್ಗುಯ್‌ಗೆ ಒಪ್ಪಿಸಿ ಹೊರಗೆ ನಡೆದರು. ಕೊನೆಯ ವರ್ಷಗಳು ಕಠಿಣವಾಗಿದ್ದವು. ರಕ್ತನಾಳದ ಕಾಯಿಲೆಯಿಂದ ಒಂದು ಕಾಲನ್ನು ಕತ್ತರಿಸಬೇಕಾಯಿತು. 1990ರ ಮಾರ್ಚ್ 20ರಂದು ಅವರು ನಿಧನರಾದರು. ಈಗ ವರ್ಷದ ಶ್ರೇಷ್ಠ ಗೋಲಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರಿದೆ.

ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಈ ಅಂಗಳದಲ್ಲಿ ನಿಂತು ಪೂರ್ತಿ ಹೇಳದಿರುವುದು ನ್ಯಾಯವಲ್ಲ.

ತೊಂಬತ್ತರ ದಶಕದಲ್ಲಿ ಈ ಶಾಲೆಯ ತಂಡಕ್ಕೆ ಒಬ್ಬ ಗೋಲಿಯಿದ್ದ. ಒಂಬತ್ತನೆಯ ತರಗತಿಯ ಹುಡುಗ, ಒಳ್ಳೆಯ ಕೈಗಳು. ಒಂದು ಮುಖ್ಯ ಪಂದ್ಯದಲ್ಲಿ ಸುಲಭದ ಚೆಂಡೊಂದನ್ನು ಬಿಟ್ಟ. ಆ ವರ್ಷ ಗೆಲ್ಲಲೇಬೇಕೆಂಬ ಹಠ ನನ್ನಲ್ಲಿತ್ತು. ಎಲ್ಲರೆದುರು ನಾನು, “ನಾಳೆಯಿಂದ ನೀನು ಬರುವುದು ಬೇಡ,” ಎಂದೆ. ಅವನು ಏನೂ ಹೇಳಲಿಲ್ಲ. ಶಾಲೆಯ ಅಂಗಿ ತೊಟ್ಟು ತರಗತಿಗೆ ಬರುತ್ತಿದ್ದ, ಪಾಠ ಕೇಳುತ್ತಿದ್ದ, ಸಂಜೆ ಮೈದಾನದ ಬದಿಯ ದಾರಿ ಬಿಟ್ಟು ಹಿಂದಿನ ಗೇಟಿನಿಂದ ಮನೆಗೆ ಹೋಗುತ್ತಿದ್ದ. ಇನ್ನೊಬ್ಬ ಗೋಲಿಯೊಂದಿಗೆ ಮುಂದಿನ ವರ್ಷ ನಾವು ಗೆದ್ದೆವು. ಆ ಪಾರಿತೋಷಕ ಕಪಾಟಿನಲ್ಲಿದೆ. ಅದನ್ನು ಒರೆಸುವಾಗಲೆಲ್ಲ ನನಗೆ ಹಿಂದಿನ ಗೇಟು ನೆನಪಾಗುತ್ತಿತ್ತು. ನನ್ನ ಮಾಸ್ತರರು ನನಗೆ ಏಳು ಗಂಟೆಯ ಒಂದು ಬೆಳಗನ್ನು ಕೊಟ್ಟಿದ್ದರು. ಅದನ್ನು ಇನ್ನೊಬ್ಬ ಹುಡುಗನಿಗೆ ದಾಟಿಸಬೇಕಾದವನು ನಾನು, ದಾಟಿಸಲಿಲ್ಲ. ಯಾಶಿನ್ನರ ಕಥೆಯನ್ನು ಹುಡುಕಿ ಹುಡುಕಿ ಓದತೊಡಗಿದ್ದು ಆಮೇಲೆಯೇ.

ಆ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ. ಅವರ ಮಗಳು ಇದೇ ಶಾಲೆಯ ಐದನೆಯ ತರಗತಿಯಲ್ಲಿದ್ದಾಳೆ. ನನ್ನಿಂದ ಅಷ್ಟು ನೋವುಂಡ ಶಾಲೆಗೆ, ಸುತ್ತಮುತ್ತ ಬೇರೆ ಮಾಧ್ಯಮದ ಶಾಲೆಗಳ ಬಸ್ಸುಗಳು ಮನೆ ಬಾಗಿಲಿಗೆ ಬರುವ ಈ ಕಾಲದಲ್ಲಿ, ಅವರು ಮಗಳನ್ನು ಕನ್ನಡ ಕಲಿಯಲು ಕಳುಹಿಸಿದ್ದಾರೆ. ನಾನು ಅವರಿಗೆ ಕೊಡದ ಮರುದಿನವನ್ನು ಅವರು ನಮ್ಮ ಶಾಲೆಗೆ ಕೊಟ್ಟಿದ್ದಾರೆ. ಕಳೆದ ತಿಂಗಳು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. “ಬಿಡಿ ಸರ್, ಯಾವ ಕಾಲದ ಮಾತು,” ಎಂದು ಚಹಾ ಕೊಟ್ಟರು. ಆದರೆ ಆ ಪಂದ್ಯದ ದಿನ ಯಾವ ಕಡೆಯಿಂದ ಚೆಂಡು ಬಂದಿತ್ತೆಂಬುದು ಅವರಿಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಈ ಮಾತನ್ನು ಇಲ್ಲಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ತಂದೆತಾಯಿಯರನ್ನು ‘ರಕ್ಷಕರು’ ಎನ್ನುತ್ತೇವೆ. ಸುಂದರವಾದ ಮಾತು, ಹೊಣೆಯ ಮಾತು. ಮಕ್ಕಳಿಗೆ ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ, ಮಾತು ತೊದಲಿದಾಗ, ವೇದಿಕೆಯಲ್ಲಿ ಪದ್ಯ ಮರೆತಾಗ, ಅವರ ಹಿಂದೆ ಬಲೆಯೊಂದೇ ಇರಬಾರದು; ರಕ್ಷಕರಿರಬೇಕು. ಒಂದು ಸೋಲಿಗೆ ಮಗುವನ್ನು ಶಾಲೆ ಬದಲಿಸಿ, ಭಾಷೆ ಬದಲಿಸಿ ಓಡಿಸುವ ಮೊದಲು ಒಂದು ಬೆಳಗು ಜೊತೆಗೆ ನಿಲ್ಲಿ. ಶಿಕ್ಷಕ ಮಿತ್ರರೇ, ಹಾಜರಿ ಪುಸ್ತಕದಲ್ಲಿ ಬಂದವರ ಲೆಕ್ಕವಿರುತ್ತದೆ. ಹಿಂದಿನ ಗೇಟಿನಿಂದ ಹೋಗುವವರ ಲೆಕ್ಕವನ್ನು ನೀವೇ ಇಡಬೇಕು. ಗಡಿಯಾಚೆ ಉಳಿದ ನಮ್ಮಂತಹ ಕನ್ನಡ ಶಾಲೆಗೆ ಒಂದೊಂದು ಮಗುವೂ ಅಮೂಲ್ಯ ಎನ್ನುತ್ತೇವೆ. ಅದು ದಾಖಲಾತಿಯ ದಿನ ಮಾತ್ರ ನಿಜವಾದರೆ ಸಾಲದು. ಆ ಮಗು ಗೋಲು ಬಿಟ್ಟ ದಿನವೂ ನಿಜವಾಗಬೇಕು.

ನಿವೃತ್ತನಾದ ಮೇಲೆಯೂ ನಾನು ಶನಿವಾರಗಳಂದು ಮೈದಾನಕ್ಕೆ ಬರುವುದುಂಟು. ಈ ಶತಮಾನೋತ್ಸವದ ಗಡಿಬಿಡಿ ಮುಗಿದ ಮೊದಲ ಶನಿವಾರ, ಯಾವುದಾದರೂ ಆಟದಲ್ಲಿ ಸೋತ, ತಂಡದಿಂದ ಕೈಬಿಟ್ಟ, ಆಡಲು ನಾಚುವ ಮಕ್ಕಳಿದ್ದರೆ ಬನ್ನಿ. ಹೆಣ್ಣುಮಕ್ಕಳೂ ಬನ್ನಿ, ಐದನೆಯ ತರಗತಿಯ ಒಬ್ಬಳು ಬರುವುದಾಗಿ ಈಗಾಗಲೇ ಮಾತು ಕೊಟ್ಟಿದ್ದಾಳೆ. ಬೆಳಿಗ್ಗೆ ಏಳು ಗಂಟೆಗೆ. ಚೆಂಡು ನಾನು ತರುತ್ತೇನೆ.